ಮದುಮಗನಿಗೆ ಕೊಟ್ಟ ಕೀಲಿ

ಹಲೋ… ಹಲೋ, ಯಾರು ಮಾತಾಡೋದು?… ಯಾರು?… ಸ್ವಲ್ಪ ಜೋರಾಗಿ ಹೇಳಪ್ಪಾ, ಪಕ್ಕದಲ್ಲಿ ಟೈಲರ್ ಮಿಷನ್ ಓಡ್ತಾ ಇದೆ. ನಂಬರ್ ನೋಡೋಣ ಅಂದ್ರೆ ಕನ್ನಡಕ ಒಳಗಿದೆ, ನಾನು ಹೊರಗಿದ್ದೀನಿ…

ಹಾಂ, ಪಾಸ್ಟರೇ ಮಾತಾಡ್ತಿರೋದು. ನೀನು?… ಕಿಡಿ? ನಮ್ಮ ವೆಲ್ಡಿಂಗ್ ಕಿಡಿನಾ?… ಎಲ್ಲಿ ಹಾಳಾಗಿ ಹೋಗಿದ್ಯೋ ಮಗನೇ ನಾಲ್ಕು ದಿನದಿಂದ! ವರ್ಕ್‌ಶಾಪಿಗೆ ಎರಡು ಸಲ ಬಂದು ಹೋದೆ. ಶಟರ್ ಎಳೆದಿತ್ತು. ಯಾರದ್ದೋ ಗೇಟು ಅರ್ಧ ಆಗಿ ಹೊರಗೇ ಬಿದ್ದಿತ್ತು…

ಹೌದು. ನಮ್ಮನೇಲೇ ಇದ್ದಾಳೆ ನಿನ್ನ ಹೆಂಡತಿ. ಸುಳ್ಳು ಯಾಕೆ ಹೇಳ್ಲಿ…

ಈಗ ಇಲ್ಲ. ನಮ್ಮನೆಯೋಳ ಜೊತೆ ಆಸ್ಪತ್ರೆಗೆ ಹೋಗಿದ್ದಾಳೆ. ಯಾವ ಆಸ್ಪತ್ರೆ ಅಂತ ಕೇಳ್ಬೇಡ, ಹೇಳಲ್ಲ. ಪ್ಲಾಸ್ಟರ್ ಬಿಗಿಯಾಗಿ ಬೆರಳು ಊದ್ಕೊಂಡಿತ್ತು, ತೋರಿಸ್ಕೊಂಡು ಬರ್ತಾರೆ…

ಹಾಂ? ಏನ್ ಪ್ಲಾಸ್ಟರ್ ಅಂದ್ರೆ?… ಗೊತ್ತಿಲ್ವಾ ನಿನಗೆ?… ಮುರಿದಿದೆ ಕಣೋ. ಎಡಗೈ ಮಣಿಕಟ್ಟು, ಎರಡು ಕಡೆ. ಬಚ್ಚಲ ಕಿಟಕಿಯಿಂದ ಹಾರಿದ್ರೆ ಮತ್ತೇನಾಗತ್ತೆ? ಕೆಳಗೆ ನಿನ್ನದೇ ಕಬ್ಬಿಣದ ತುಂಡುಗಳು ರಾಶಿ ಬಿದ್ದಿದ್ವಂತೆ…

ಕೂಗಾಡ್ಬೇಡ… ಕೂಗಾಡ್ಬೇಡ ಅಂದೆ… ಏನಂದೆ? ಸಂಜೆಯೊಳಗೆ ಕಳಿಸದಿದ್ರೆ ಬಂದು ಎಳ್ಕೊಂಡು ಹೋಗ್ತೀಯಾ? ನಮ್ಮ ಗೇಟು ಕತ್ತರಿಸಿ ಒಳಗೆ ಬರ್ತೀಯಾ?… ಕತ್ತರಿಸಪ್ಪ. ನೀನೇ ಮಾಡಿಕೊಟ್ಟ ಗೇಟು. ಎಲ್ಲಿಂದ ಕತ್ತರಿಸಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು…

ನಾನೆಲ್ಲಿ ನಿನ್ನ ಹೆದರಿಸ್ತಿದ್ದೀನಿ? ನಾನೇ ಹೆದರಿ ಕೂತಿದ್ದೀನಿ. ಐವತ್ತೆಂಟು ವರ್ಷ, ಮೊಣಕಾಲು ನೋವು, ನೀನು ಬಂದು ಒಂದು ಸಲ ನೂಕಿದ್ರೆ ಬಿದ್ದೋಗ್ತೀನಿ. ಆದ್ರೆ ಮೆಟ್ಟಿಲ ಮೇಲೇ ಕೂತಿರ್ತೀನಿ. ನನ್ನ ದಾಟಿಯೇ ಹೋಗ್ಬೇಕು. ಅದನ್ನ ತಿಳ್ಕೊಂಡು ಬಾ…

ಹಾಂ, ಹೇಳು… ಹೌದು… ಹೌದು, ಗಂಡ ಮನೆಗೆ ತಲೆ. ಹೇಳಿದ್ದೆ… ತಾರೀಖು ಸಮೇತ ಬರ್ಕೊಂಡಿದ್ದೀಯಾ?… ಆ ನೀಲಿ ನೋಟ್‌ಬುಕ್ ಅಲ್ವಾ? ಗಂಡಸರ ಕೂಟದಲ್ಲಿ ಬರ್ಕೊಳ್ತಿದ್ದೋನು ನೀನೊಬ್ಬನೇ. ಮಿಕ್ಕೋರೆಲ್ಲ ಆಕಳಿಸ್ತಾ ಗಡಿಯಾರ ನೋಡ್ತಿದ್ರು. ನನಗೆಷ್ಟು ಹೆಮ್ಮೆಯಿತ್ತು ಗೊತ್ತಾ, ಒಬ್ಬನಾದ್ರೂ ಬರ್ಕೊಳ್ತಾನಲ್ಲ ಅಂತ…

ಓದು. ಕೇಳ್ತಾ ಇದ್ದೀನಿ… ಹೂಂ… ಹೂಂ… "ಕುರುಬ ಹಟ್ಟಿ ಬಾಗಿಲು ಹಾಕದೆ ಮಲಗಿದ್ರೆ ತೋಳದ್ದೇನು ತಪ್ಪು?" ಹಾಂ, ಅದೂ ನನ್ನ ಮಾತೇ. ಎಷ್ಟು ಚೆನ್ನಾಗಿ ಹೇಳಿದೆ ಅಂತ ಆವತ್ತು ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದಿದ್ದೆ…

ಸಾಕು… ಸಾಕು ಕಣೋ, ಇನ್ನು ಓದ್ಬೇಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನನ್ನ ಮಾತು ಹೋಗಿಯೂ ಇಲ್ಲ, ನಿನ್ನ ನೋಟ್‌ಬುಕ್ಕಲ್ಲಿ ಭದ್ರವಾಗಿ ಕೂತಿದೆ…

ಕೀಲಿನಾ?… ಹೌದು, ನಾನೇ ಕೊಟ್ಟೆ. ನಾನು ಯಾವ ಮದುವೆ ಮಾಡಿಸಿದ್ರೂ ಮದುಮಗನ ಕೈಗೆ ಒಂದು ಕೀಲಿ ಕೊಡ್ತೀನಿ. ಅವರು ಸಂಸಾರ ಹೂಡೋ ಮನೆ ಬಾಗಿಲಿನ ಬೀಗದ್ದು, ಒಳಗಿಂದಲೂ ಹೊರಗಿಂದಲೂ ತಿರುಗೋದು. ನಮ್ಮ ಸಭೆ ಹಿರಿಯರದ್ದೇ ಕೀಲಿ ಅಂಗಡಿಯಲ್ವಾ, ಅವರೇ ಅದರ ತಲೆ ಮೇಲೆ ಸಣ್ಣ ಶಿಲುಬೆ ಕೆತ್ತಿಕೊಡ್ತಾರೆ. ಈ ಬಾಗಿಲಿಗೆ ದೇವರ ಮುಂದೆ ನೀನೇ ಜವಾಬ್ದಾರ, ಅಂತ ಹೇಳಿ ಕೊಡ್ತೀನಿ. ಕಿಡಿ, ಅದು ಬೈಬಲಿನ ಯಾವ ವಾಕ್ಯದಲ್ಲೂ ಇಲ್ಲ. ಯೇಸು ಯಾವ ಮದುಮಗನಿಗೂ ಕೀಲಿ ಕೊಡ್ಲಿಲ್ಲ. ನಾನೇ ಹುಟ್ಟಿಸಿದ್ದು. ಮೊದಲನೇ ಸಲ ಕೊಟ್ಟಾಗ ಜನ ಚಪ್ಪಾಳೆ ತಟ್ಟಿದ್ರು, ನಾನು ಉಬ್ಬಿಹೋದೆ. ನಲವತ್ತೊಂದು ಜನಕ್ಕೆ ಕೊಟ್ಟಿದ್ದೀನಿ. ಮದುಮಗಳಿಗೆ? ಒಬ್ಬಳಿಗೂ ಇಲ್ಲ…

ಕುತ್ತಿಗೆಗೆ ಕಟ್ಕೊಂಡಿದ್ದೀಯಾ. ಗೊತ್ತು. ಸ್ನಾನಕ್ಕೂ ತೆಗೆಯಲ್ವಂತೆ, ಅವಳೇ ಹೇಳಿದ್ಲು…

ಇಲ್ಲ ಇಲ್ಲ, ನೀನು ಹೊಡೆದೆ ಅಂತ ಯಾರೂ ಹೇಳಿಲ್ಲ. ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ, "ನಮ್ಮೆಜಮಾನ್ರು ಒಂದಿನಾನೂ ಕೈ ಎತ್ತಿದೋರಲ್ಲ" ಅಂದ್ಲಂತೆ. ನರ್ಸು ಸುಮ್ನಿರ್ತಾರಾ? "ಮತ್ತೆ ಕಿಟಕಿಯಿಂದ ಯಾಕಮ್ಮ ಹಾರಿದ್ರಿ?" ಅಂದ್ರಂತೆ. ಅದಕ್ಕೆ ಇವಳು, ಕುಡಿಯೋಕ್ಕೆ ನೀರು ಕೊಡಿ ಅಂದ್ಲಂತೆ… ನಿನ್ನ ಹತ್ರ ಉತ್ತರ ಇದೆಯಾ?…

ಹೇಳಪ್ಪಾ… ಕೇಳಿಸ್ತಾ ಇಲ್ಲ…

ಸರಿ, ನಾನೇ ಹೇಳ್ತೀನಿ. ಮಂಗಳವಾರ ನೀನು ಸೈಟಿಗೆ ಹೋದೆ. ಒಲೆ ಮೇಲೆ ಎಣ್ಣೆ ಹೊತ್ಕೊಂಡು ಕರ್ಟನ್ನಿಗೆ ಬೆಂಕಿ ಹಿಡೀತು. ಮನೆ ತುಂಬಾ ಹೊಗೆ. ಬಾಗಿಲಿಗೆ ಬೀಗ, ಅದರ ಮೇಲೆ ಹೊರಗಿಂದ ಬೋಲ್ಟು. ನಿನ್ನ ಮನೆ ಒಳಗೆ ಫೋನ್ ಸಿಗಲ್ಲ ಅನ್ನೋದು ಇಡೀ ಸಭೆಗೆ ಗೊತ್ತು. ಪ್ರಾರ್ಥನಾ ಕೂಟಕ್ಕೆ ಬಂದಾಗೆಲ್ಲ ನಾವೇ ಅಂಗಳಕ್ಕೆ ಓಡಿ ಬಂದು ಮಾತಾಡ್ತಿದ್ವಿ. ಅವಳು ಆ ಹೊಗೆಯಲ್ಲಿ ನಿಂತು ಹದಿನಾಲ್ಕು ಸಲ ನಿನಗೆ ಫೋನ್ ಮಾಡಿದ್ದಾಳೆ. ಅವಳ ಫೋನಲ್ಲಿ ನಾನೇ ನೋಡಿದೆ. ಒಂದೂ ಹೋಗ್ಲಿಲ್ಲ…

ಗೊತ್ತು. ನೀನು ಮುಖಕ್ಕೆ ಶೀಲ್ಡ್ ಹಿಡ್ಕೊಂಡು ಇನ್ಯಾರದ್ದೋ ಕಿಟಕಿಗೆ ಗ್ರಿಲ್ ಕೂರಿಸ್ತಿದ್ದೆ. ಊರಿಗೆಲ್ಲ ಗ್ರಿಲ್ ಹಾಕೋನು ಸ್ವಂತ ಬಚ್ಚಲಿಗೆ ಹಾಕೋದು ಮರೆತಿದ್ದೆಯಲ್ಲ, ಅದಕ್ಕೆ ದೇವರಿಗೆ ಸ್ತೋತ್ರ ಹೇಳು…

ಬೇಡಪ್ಪಾ, ಬೇಡ ಬೇಡ, ಇಲ್ಲೇ ಚೆನ್ನಾಗಿದ್ದೀನಿ… ಅಯ್ಯೋ, ನಿನಗಲ್ಲ ಕಿಡಿ, ಟೈಲರಿಗೆ ಹೇಳಿದ್ದು. ಸ್ಟೂಲ್ ತಂದು ನಿಂತಿದ್ದಾನೆ…

ಯಾಕಂದ್ರೆ ನಾನು ಮನೆಯಿಂದ ಹೊರಗೆ ಬಿದ್ದಿದ್ದೀನಿ, ಅದಕ್ಕೆ. ಕೀಲಿ ನಮ್ಮನೆಯೋಳ ಹತ್ರ ಇದೆ. ನಗ್ಬೇಡ… ನಗು, ಪರವಾಗಿಲ್ಲ, ನಗೋ ವಿಷಯಾನೇ…

ಕೇಳು. ನಿನ್ನ ಹೆಂಡತಿ ಬಂದ ಮೊದಲನೇ ದಿನ, ನಮ್ಮನೆಯೋಳನ್ನ ಕೇಳಿದ್ಲು, "ಅಮ್ಮಾ, ನಿಮ್ಮ ಕೀಲಿ ಎಲ್ಲಿಡ್ತೀರಾ?" ಅಷ್ಟೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ ನನ್ನ ಕೈ ತಾನಾಗೇ ಜೇಬಿಗೆ ಹೋಯ್ತು. ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳ ಹತ್ರ ಈ ಮನೆ ಕೀಲಿ ಇಲ್ಲ. ಯಾವತ್ತೂ ಇರ್ಲಿಲ್ಲ. ನಾನು ಸಭೆ ಮುಗಿಸಿ ತಡವಾಗಿ ಬಂದ್ರೆ ಈ ಟೈಲರ್ ಅಂಗಡಿಯಲ್ಲಿ ಕೂತಿರ್ತಿದ್ಲಂತೆ. ಅವಳಿಗೇ ಅಂತ ಅವನೊಂದು ಸ್ಟೂಲ್ ಇಟ್ಟಿದ್ದಾನೆ. ಅದೇ ಸ್ಟೂಲು ಈಗ ನನಗೆ ತಂದಿದ್ದು…

ನಾನು ಬೋಲ್ಟ್ ಹಾಕಿಲ್ಲ, ಬೀಗ ಹಾಕಿಲ್ಲ, ನಾನು ಒಳ್ಳೇ ಗಂಡ ಅನ್ಕೊಂಡೇ ಇದ್ದೆ. ಯಾಕೆ ಹೇಳ್ಲಿಲ್ಲ ಅಂತ ಅವಳನ್ನ ಕೇಳಿದೆ. "ನೀವು ಪ್ರಸಂಗ ಮಾಡ್ತಿದ್ರಿ, ಮಧ್ಯೆ ಎದ್ದು ಕೇಳೋಕ್ಕಾಗತ್ತಾ?" ಅಂದ್ಲು. ನಗ್ತಾ ಹೇಳಿದ್ಲು. ನನಗೆ ನಗು ಬರ್ಲಿಲ್ಲ. ಇವತ್ತು ಬೆಳಿಗ್ಗೆ ಕೀಲಿ ತೆಗೆದು ಅವಳ ಕೈಗಿಟ್ಟೆ…

ಇನ್ನೊಂದು ಮಾಡಿಸ್ಬೋದು, ನಿಜ. ಮಾಡಿಸ್ತೀನಿ. ಆದ್ರೆ ಹಿರಿಯರ ಅಂಗಡಿಗೆ ಹೋಗ್ಬೇಕಲ್ಲ, ಯಾಕೆ ಪಾಸ್ಟರೇ ಅಂತ ಕೇಳ್ತಾರಲ್ಲ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ…

ಏನಂದೆ?… ಹೆಂಗಸಾಗ್ಬಿಟ್ರಿ ಅಂತೀಯಾ?… ಪರವಾಗಿಲ್ಲ, ನುಂಗ್ಬೇಡ, ಹೇಳ್ಬಿಡು. ಅದೊಂದು ಬೈಗುಳ ಅಂತ ನಿನಗೆ ಕಲಿಸಿದ್ದೂ ನಾನೇ ಇರ್ಬೇಕು…

ಇಲ್ಲ ಇಲ್ಲ, ವಾಕ್ಯ ಸುಳ್ಳು ಅಂತ ನಾನು ಹೇಳ್ತಿಲ್ಲ. ನಾನು ಓದೋದು ನಿಲ್ಲಿಸ್ತಿದ್ನಲ್ಲ, ಆ ಜಾಗದಲ್ಲಿದೆ ಮೋಸ. ಮನೆಗೆ ಹೋಗಿ ತೆಗೆದು ನೋಡು. ಗಂಡ ತಲೆ ಅನ್ನೋದಕ್ಕೆ ಮುಂಚೆ ಒಂದು ಸಾಲಿದೆ, ಒಬ್ಬರಿಗೊಬ್ಬರು ತಗ್ಗಿ ನಡೀರಿ ಅಂತ. ಅದನ್ನ ಬಿಟ್ಟು ಶುರು ಮಾಡ್ತಿದ್ದೆ. ಆಮೇಲೆ ಕ್ರಿಸ್ತನ ಹಾಗೆ ಪ್ರೀತಿಸಿ, ಆತ ಪ್ರಾಣ ಕೊಟ್ಟ ಹಾಗೆ ಕೊಡಿ ಅಂತ ಬರತ್ತೆ. ಅಲ್ಲಿಗೆ ಬರೋ ಹೊತ್ತಿಗೆ ಊಟದ ಹೊತ್ತಾಗಿರ್ತಿತ್ತು. ಮುಂಚಿನದ್ದೂ ಇಲ್ಲ, ಆಮೇಲಿನದ್ದೂ ಇಲ್ಲ. ನಡುವಿನ ಒಂದು ತುಂಡು ಕತ್ತರಿಸಿ ನಿನ್ನ ಕೈಗೆ ಕೊಟ್ಟೆ. ನೀನು ಅದನ್ನ ತಗೊಂಡು ಹೋಗಿ ಬೋಲ್ಟ್ ಮಾಡ್ದೆ…

ಬಾಗಿಲಲ್ಲಿ ನಿಂತು ತಟ್ಟೋನು ಅಂತಲ್ವಾ ನಾವು ಕರ್ತನನ್ನ ಹೇಳೋದು? ಲೋಕವೆಲ್ಲ ಅವನದ್ದು, ಆದ್ರೂ ತಟ್ತಾನೆ, ಕಾಯ್ತಾನೆ. ತೆಗೀಲಿಲ್ಲ ಅಂದ್ರೆ ಒಡೆದು ನುಗ್ಗಲ್ಲ. ಯಾರನ್ನೂ ಒಳಗೆ ಹಾಕಿ ಹೊರಗಿಂದ ಚಿಲಕ ಹಾಕಲ್ಲ…

ಪ್ರಸಂಗ ಮಾಡ್ತಿದ್ದೀನಾ? ಹೌದಲ್ಲ. ಅಭ್ಯಾಸ ಬಿಡಲ್ಲ ನೋಡು. ಸರಿ, ಬಾಯಿ ಮುಚ್ಚಿದೆ, ನೀನು ಮಾತಾಡು…

ಹಾಂ… ಹಾಂ… ಒಬ್ಬಳೇ ಸಮಾಧಿಗೆ ಹೋಗಿದ್ಲು… ಹೇಳದೆ ಹೋಗಿದ್ಲು… ಕತ್ತಲಾದ್ರೂ ಬರ್ಲಿಲ್ಲ… ನೀನು ವ್ಯಾನ್ ತಗೊಂಡು ರಸ್ತೆ ರಸ್ತೆ ಹುಡುಕಿದೆ… ಕೂಸು ಹೋದ ತಿಂಗಳಿಗಾ?… ಅದಾದ್ಮೇಲೇ ಬೋಲ್ಟ್ ಹಾಕಿದ್ದಾ?…

ಅಯ್ಯೋ ಮಗನೇ. ಇದನ್ನ ಆವಾಗಲೇ ನನಗೆ ಹೇಳಿದ್ರೆ ನಾನು…

ಹೇಳಿದ್ಯಾ?… ಯಾವಾಗ?… ಗಂಡಸರ ಕೂಟದಲ್ಲಿ?… ಎಲ್ಲರ ಮುಂದೆ?… ಇಲ್ಲ, ನೆನಪಿಲ್ಲ. ನಿಜವಾಗ್ಲೂ ನೆನಪಿಲ್ಲ. "ಅವಳು ಒಬ್ಬಳೇ ಸಮಾಧಿಗೆ ಹೋಗ್ತಾಳೆ, ನನಗೆ ಭಯ ಆಗತ್ತೆ, ಏನ್ ಮಾಡ್ಲಿ" ಅಂತ ಕೇಳಿದ್ಯಾ? ಅದಕ್ಕೆ ನಾನೇನಂದೆ?…

ಏನು?…

ಇನ್ನೊಂದ್ಸಲ ಹೇಳು…

"ಕೀಲಿ ಕೊಟ್ಟಿದ್ದೀನಲ್ಲಯ್ಯಾ, ಅದನ್ನೇನು ಉಪ್ಪಿನಕಾಯಿ ಹಾಕ್ತೀಯಾ?"… ನಾನು ಹಾಗಂದ್ನಾ?… ಎಲ್ಲರೂ ನಕ್ಕರಾ?… ನೀನೂ ನಕ್ಯಾ?…

ನೀನು ಬರ್ಕೊಂಡೆ…

ತಡಿ. ಒಂದ್ನಿಮಿಷ ತಡಿ…

ಇದ್ದೀನಿ. ಎಲ್ಲೂ ಹೋಗಿಲ್ಲ. ತಮಾಷೆ ಮಾಡ್ದೆ ಕಣೋ. ಮುಂದಿನ ಹಾಡು ಹಾಡ್ಬೇಕಿತ್ತು, ಹೊತ್ತಾಗಿತ್ತು, ಏನೋ ಒಂದು ತಮಾಷೆ ಮಾಡಿ ಮುಗಿಸ್ದೆ. ನನ್ನ ತಮಾಷೆಯಿಂದ ಒಬ್ಬ ಹೆಣ್ಣುಮಗಳು ಎಂಟು ತಿಂಗಳು ಬೀಗದೊಳಗಿದ್ಲು…

ಇಲ್ಲ, ತಪ್ಪೆಲ್ಲ ನನ್ನದು ಅಂದ್ರೆ ನಿನಗೆ ಹಗುರ ಆಗತ್ತೆ. ಹಾಗೆ ಬಿಡಲ್ಲ. ಮಾತು ನನ್ನದು. ಬೆಸುಗೆ ನಿನ್ನದು. ದಿನಾ ಬೆಳಿಗ್ಗೆ ಬೋಲ್ಟ್ ಎಳೆದ ಕೈ ನಿನ್ನದು. ಅವಳು ಒಳಗಿಂದ ಬಾಗಿಲು ತಟ್ಟಿದ್ದು ಕೇಳಿಸ್ತಿರ್ಲಿಲ್ವಾ?… ಕೇಳಿಸ್ತಿತ್ತು. ಹೂಂ…

ಈಗೆಲ್ಲಿದ್ದೀಯಾ ನೀನು? ವರ್ಕ್‌ಶಾಪಲ್ಲಾ?… ಮನೆ ಮುಂದೆ? ಮನೆ ಮುಂದೆ ಏನ್ಮಾಡ್ತಿದ್ದೀಯಾ?… ವ್ಯಾನಲ್ಲಾ? ನಾಲ್ಕು ದಿನದಿಂದ ವ್ಯಾನಲ್ಲೇ ಮಲಗ್ತಿದ್ದೀಯಾ? ಯಾಕೋ, ಮನೆ ಸುಟ್ಟು ಹೋಗಿಲ್ವಲ್ಲ, ಅಡುಗೆಮನೆ ಗೋಡೆ ಕಪ್ಪಾಗಿದೆ ಅಷ್ಟೇ ಅಂದ್ರು…

ಒಳಗೆ ಹೋಗೋಕ್ಕಾಗ್ತಿಲ್ವಾ?… ಯಾಕೆ?…

ತೊಟ್ಟಿಲು. ಹೌದು… ಅದಿನ್ನೂ ಅಲ್ಲೇ ಇದೆಯಾ? ನೀನೇ ಮಾಡಿದ್ದಲ್ವಾ ಅದನ್ನ. ಕಬ್ಬಿಣದ ತೊಟ್ಟಿಲು, ನಾಲ್ಕೂ ಮೂಲೆಗೆ ಹೂವು. ಮಗುಗೆ ಚುಚ್ಚಬಾರದು ಅಂತ ಒಂದು ವಾರ ಉಜ್ಜಿದ್ದೆ. ನನಗೆ ತೋರಿಸೋಕ್ಕೆ ಅಂತ ವ್ಯಾನಲ್ಲಿ ಹಾಕ್ಕೊಂಡು ಚರ್ಚಿಗೇ ತಂದಿದ್ದೆ. ಹನ್ನೊಂದು ದಿನ ಮಲಗಿತ್ತು ಅದರಲ್ಲಿ ಕೂಸು…

ಕಿಡಿ, ಒಂದು ಮಾತು ಹೇಳ್ಬೇಕು. ಸಮಾಧಿ ದಿನದ್ದು. ಆ ಪೆಟ್ಟಿಗೆ ಎಷ್ಟು ಸಣ್ಣದಿತ್ತು ಅಂದ್ರೆ ನಾನು ಒಂದೇ ಕೈಯಲ್ಲಿ ಹಿಡಿದಿದ್ದೆ. ಇಳಿಸೋವಾಗ ನಿನ್ನ ಗಂಟಲಿಂದ ಒಂದು ಸದ್ದು ಬಂತು. ಆಗ ನಾನು ನಿನ್ನ ಭುಜ ಅದುಮಿ ಕಿವಿಯಲ್ಲಿ ಹೇಳ್ದೆ. ಏನ್ ಹೇಳ್ದೆ ನೆನಪಿದೆಯಾ?…

ಹೂಂ. ಅದೇ. "ಗಂಡಸು ನೀನು, ಕಂಬ ನೀನು. ಕಂಬ ಅಲ್ಲಾಡಿದ್ರೆ ಮನೆ ಬೀಳತ್ತೆ." ನೀನು ಬಾಯಿ ಮುಚ್ಕೊಂಡೆ. ಮುಂದಿನ ಭಾನುವಾರ ಇಡೀ ಸಭೆ ಮುಂದೆ ನಿನ್ನ ಎಬ್ಬಿಸಿ ನಿಲ್ಲಿಸಿದೆ. ನೋಡಿ, ನಂಬಿಕೆ ಇರೋ ಗಂಡಸು ಅಂದ್ರೆ ಹೀಗಿರ್ಬೇಕು, ಒಂದು ಹನಿ ಕಣ್ಣೀರು ಹಾಕಲಿಲ್ಲ ಅಂದೆ. ನಿನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ಲು. ಮನೇಲಿ ತನ್ನ ಜೊತೆ ಅಳೋಕ್ಕೆ ಅವಳಿಗೆ ಯಾರಿದ್ರು ಹೇಳು…

ಕರ್ತ ಯೇಸು ಸತ್ತ ಗೆಳೆಯನ ಗೋರಿ ಮುಂದೆ ನಿಂತು ಅತ್ತ ಅಂತ ಬರೆದಿದೆ. ಎಲ್ಲರ ಮುಂದೆ, ಹೆಂಗಸರ ಮುಂದೆ ಅತ್ತ. ಇನ್ನು ಐದು ನಿಮಿಷಕ್ಕೆ ಅವನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ. ಇಷ್ಟು ವರ್ಷದಲ್ಲಿ ನಾನು ಅದರ ಮೇಲೆ ಒಂದು ಪ್ರಸಂಗ ಮಾಡಿಲ್ಲ. ನಿನ್ನ ಕೂಸು ಏಳಲ್ಲ ಅಂತ ಗೊತ್ತಿದ್ದ ನಿನಗೆ ಅಳ್ಬೇಡ ಅಂದೆ…

ಕಿಡಿ?…

ಅಳು… ಅಳಪ್ಪಾ, ನಾನು ಇಲ್ಲೇ ಇದ್ದೀನಿ…

ಮಾತಾಡ್ಬೇಡ, ಅವಸರ ಇಲ್ಲ…

ಹಾಂ… ಹಾಂ ಮಗನೇ…

ಮೂಗು ಒರಸ್ಕೋ. ನೀರಿದೆಯಾ ವ್ಯಾನಲ್ಲಿ? ಕುಡಿ…

ಏನು?… ಈಗ್ಲಾದ್ರೂ ಕಳಿಸ್ತೀರಾ ಅಂತನಾ?… ಇಲ್ಲ ಕಣೋ. ಅತ್ತಿದ್ದಕ್ಕೆ ಕೂಲಿ ಕೇಳ್ತಿದ್ದೀಯಾ? ನೀನು ಅತ್ತಿದ್ದು ನಿನ್ನ ಕೂಸಿಗೆ. ಅದಕ್ಕೂ ಅವಳು ವಾಪಸ್ ಬರೋದಕ್ಕೂ ಗಂಟು ಹಾಕ್ಬೇಡ…

ನಾನು ಹೇಳಿದ್ರೆ ಅವಳು ಕೇಳ್ತಾಳೆ, ನಿಜ. ಪಾಸ್ಟರ್ ಹೇಳಿದ್ರೆ ಕೇಳ್ಲೇಬೇಕು ಅಂತ ಅವಳಿಗೂ ನಾನೇ ಕಲಿಸಿದ್ದೀನಲ್ಲ. ಅದಕ್ಕೇ ಹೇಳಲ್ಲ. ನಿನ್ನೆ ಹಿರಿಯರು ಬಂದಿದ್ರು. ಸಭೆ ಮಾನ ಹೋಗತ್ತೆ, ಪೊಲೀಸು ಗಿಲೀಸು ಬೇಡ, ಇಬ್ಬರನ್ನೂ ಕೂರಿಸಿ ಪ್ರಾರ್ಥನೆ ಮಾಡಿ ಕಳಿಸ್ಬಿಡಿ ಅಂದ್ರು. ಇಷ್ಟು ವರ್ಷ ಎಷ್ಟೋ ಮನೆ ವಿಷಯ ಹಾಗೇ ಮುಗಿಸಿದ್ದೀನಿ. ಈ ಸಲ ಆಗಲ್ಲ ಅಂದೆ. ಕಂಪ್ಲೇಂಟ್ ಕೊಡೋದು ಬಿಡೋದು ಅವಳಿಷ್ಟ. ಕೊಟ್ರೆ ನಾನೇ ಸ್ಟೇಷನ್ನಿಗೆ ಜೊತೆಗೆ ಹೋಗ್ತೀನಿ. ನಿನ್ನ ಬೆನ್ನ ಹಿಂದೆ ಮಾಡೋದಲ್ಲ, ನಿನಗೇ ಹೇಳ್ತಿದ್ದೀನಿ…

ನಾಳೆನಾ? ನಾಳೆ ಪೀಠದ ಮೇಲೆ ನಿಂತು ಆ ನಲವತ್ತೊಂದು ಜನಕ್ಕೂ ಹೇಳ್ಬೇಕು, ಕೀಲಿ ಕೊಟ್ಟಿದ್ದು ತಪ್ಪು ಅಂತ. ಆಮೇಲೆ ಕೆಲಸ ಇರತ್ತೋ ಇಲ್ವೋ…

ತಡಿ, ಗೇಟ್ ಸದ್ದಾಯ್ತು… ಬಂದ್ರು. ಇಬ್ಬರೂ ಬಂದ್ರು… ಹಾಂ ಕಣೇ, ಇಲ್ಲೇ ಕೂತಿದ್ದೆ. ಬಾಗಿಲು ತೆಗಿ ನೀನು. ಫೋನಲ್ಲಿದ್ದೀನಿ… ಡಾಕ್ಟರ್ ಏನಂದ್ರಮ್ಮಾ?… ಬೇರೆ ಹಾಕಿದ್ರಾ, ಒಳ್ಳೇದಾಯ್ತು…

ಕಿಡಿ, ಲೈನಲ್ಲಿರು. ಅವಳನ್ನ ಕೇಳ್ತೀನಿ, ನಿನ್ನ ಹತ್ರ ಮಾತಾಡ್ತಾಳಾ ಅಂತ. ಬೇಡ ಅಂದ್ರೆ ಬೇಡ, ಒತ್ತಾಯ ಮಾಡಲ್ಲ…

ತಲೆ ಅಲ್ಲಾಡಿಸಿದ್ಲು. ಬೇಡ ಅಂತೆ…

ಇರು, ಏನೋ ಹೇಳ್ತಾಳೆ… ಹಾಂ ಹೇಳಮ್ಮಾ… ಹೂಂ… ಸರಿ… ಕಿಡಿ, ಕೇಳಿಸ್ಕೋ. ಇವತ್ತು ನಾಲ್ಕು ಗಂಟೆಗೆ ಮನೆಗೆ ಬರ್ತಾಳಂತೆ. ಸಾಮಾನು ತಗೊಳ್ಳೋಕ್ಕೆ. ಬಟ್ಟೆ, ಅವಳ ಟೀಚರ್ ಟ್ರೈನಿಂಗ್ ಸರ್ಟಿಫಿಕೇಟಿನ ಫೈಲು. ನಾನು, ನಮ್ಮನೆಯೋಳು, ಟೈಲರ್, ಮೂರು ಜನ ಜೊತೆಗಿರ್ತೀವಿ. ಬಾಗಿಲು ತೆಗೆದಿರ್ಬೇಕು. ನೀನು ಅಲ್ಲಿರಬಾರದು…

ನಿನ್ನ ಮನೆ, ನಿಜ. ಅವಳದ್ದೂ ಮನೆ…

ಏನಮ್ಮಾ?… ಇನ್ನೊಂದು ಅಂತೆ. ಬೀರು ಮೇಲೆ ಒಂದು ಡಬ್ಬಿ. ಅದರಲ್ಲಿ ಕೂಸಿನ ಟೋಪಿ ಇದೆ, ಬಿಳೀ ಉಲ್ಲನ್ ಟೋಪಿ. ಅದು ಬೇಕಂತೆ…

ಡಬ್ಬಿಯಲ್ಲಿಲ್ವಾ?… ಮತ್ತೆಲ್ಲಿದೆ?…

ನಿನ್ನ ಜೇಬಲ್ಲಾ?… ಈಗಲೂ?… ಒಂಬತ್ತು ತಿಂಗಳಿಂದ ನಿನ್ನ ಶರ್ಟ್ ಜೇಬಲ್ಲಿದೆಯಾ ಅದು? ಕೆಲಸಕ್ಕೆ ಹೋಗುವಾಗಲೂ?… ಅವಳಿಗೆ ಗೊತ್ತಿಲ್ಲ ಕಣೋ. ಡಬ್ಬಿಯಲ್ಲಿದೆ ಅಂತಾನೇ ತಿಳ್ಕೊಂಡಿದ್ದಾಳೆ. ನಾಲ್ಕು ದಿನದಿಂದ ಅದೊಂದು ಹೊಗೆಗೆ ಹಾಳಾಯ್ತೇನೋ ಅಂತ ಚಿಂತೆ ಮಾಡ್ತಿದ್ದಾಳೆ…

ಇಲ್ಲ. ಕೈಯಾರೆ ಕೊಡ್ತೀನಿ, ಅದಕ್ಕೆ ಅಲ್ಲೇ ಇರ್ತೀನಿ ಅನ್ಬೇಡ. ಷರತ್ತು ಹಾಕ್ಬೇಡ. ಇರು, ಅವಳಿಗೆ ಹೇಳ್ತೀನಿ… ಅಮ್ಮಾ, ಟೋಪಿ ಅವನ ಹತ್ರ ಇದೆಯಂತೆ. ಜೇಬಲ್ಲಿ. ಆವಾಗಿಂದ ಇಟ್ಕೊಂಡಿದ್ದಾನಂತೆ…

ಇರು ಕಿಡಿ. ಗೋಡೆ ಹಿಡ್ಕೊಂಡು ನಿಂತಿದ್ದಾಳೆ…

ಹಾಂ?… ಸರಿಯಮ್ಮಾ…

ಟೋಪಿ ನಿನ್ನ ಹತ್ರಾನೇ ಇರ್ಲಿ ಅಂತ ಹೇಳಿದ್ಲು…

ಇಲ್ಲ, ಅಷ್ಟೇ ಹೇಳಿದ್ದು. ಒಳಗೆ ಹೋದ್ಲು…

ಗೊತ್ತಿಲ್ಲ ಮಗನೇ. ಬರ್ತಾಳೆ ಅಂತ ನಾನು ಹೇಳಿದ್ರೆ ಸುಳ್ಳಾಗತ್ತೆ. ನನಗನ್ಸತ್ತೆ, ಬರಲ್ಲ. ಈ ತಿಂಗಳಲ್ಲ, ಈ ವರ್ಷವೂ ಇಲ್ವೇನೋ. ನಿನಗೆ ಆಸೆ ತೋರಿಸಿ ಬಾಗಿಲು ತೆಗೆಸೋದಿಲ್ಲ ನಾನು. ಅವಳು ಬರಲ್ಲ ಅಂತ ತಿಳ್ಕೊಂಡೇ ಹೇಳು. ಆ ಬೋಲ್ಟ್ ಕತ್ತರಿಸ್ತೀಯಾ?…

ಹಲೋ?…

ಕಿಡಿ, ಇದ್ದೀಯಾ?… ಎಲ್ಲಿ ಹೋದೆ… ಹಲೋ… ವ್ಯಾನ್ ಬಾಗಿಲು ತೆಗೆದ ಹಾಗಿತ್ತು… ಎಲ್ಲಿಗ್ಹೋಗ್ತಿದ್ದೀಯಾ? ಇಲ್ಲಿಗೆ ಬರ್ತಿದ್ದೀಯಾ? ಬರ್ಬೇಡ, ಕಿಡಿ, ಮಾತು ಕೇಳು…

ಏನದು ಸದ್ದು?… ಕಟ್ಟರ್ರಾ?…

ಹಾಂ… ಹಾಂ, ಕೇಳಿಸ್ತಾ ಇದೆ… ಕಣ್ಣಿಗೆ ಶೀಲ್ಡ್ ಹಾಕ್ಕೋ ಮಾರಾಯಾ, ಅಳ್ತಾ ಅಳ್ತಾ ಕತ್ತರಿಸಿದ್ರೆ ಕೈ ಹೋಗತ್ತೆ… ಇಲ್ಲಿ ಬಾರೇ, ಕೇಳು, ಬೋಲ್ಟ್ ಕತ್ತರಿಸ್ತಿದ್ದಾನೆ… ಅವಳನ್ನ ಕರೀಬೇಡ, ಬಿಡು, ಅವಳಿಗೆ ಬೇಕಾದ್ರೆ ಬರ್ತಾಳೆ…

ಬಿತ್ತಾ?… ಬಿತ್ತು. ಕೇಳಿಸ್ತು…

ಸರಿ. ಸರಿ ಮಗನೇ. ಈಗ ಮೂರೂವರೆ. ಇನ್ನು ಹೊರಡು ಅಲ್ಲಿಂದ. ವರ್ಕ್‌ಶಾಪಿಗೆ ಹೋಗು, ಅರ್ಧ ಬಿದ್ದಿರೋ ಆ ಗೇಟು ಮುಗಿಸು. ಕತ್ತಲಾಗೋ ಹೊತ್ತಿಗೆ ನಾನೇ ಬರ್ತೀನಿ, ನಿನ್ನ ಹತ್ರ ಕೂತಿರ್ತೀನಿ…

ಕೀಲಿ? ಕುತ್ತಿಗೆಯದ್ದಾ?… ನನಗೆ ಬೇಡ. ನಾನದನ್ನ ಮತ್ತೆ ಮುಟ್ಟಲ್ಲ. ಬಾಗಿಲಿನ ಬೀಗದಲ್ಲೇ ಬಿಟ್ಟು ಹೋಗು… ಹೊರಗಡೆ ಬೇಡ. ಹೊರಗಿದ್ರೆ ಅವಳು ಆ ಹೊಸಿಲು ದಾಟಲ್ಲ, ಹಿಂದಿಂದ ಯಾರಾದ್ರೂ ತಿರುಗಿಸಿಬಿಟ್ರೆ ಅಂತ. ಬಾಗಿಲ ಒಳಗಡೆಯಿಂದ ಸಿಗಿಸು. ಒಳಗೆ ಕಾಲಿಟ್ಟ ತಕ್ಷಣ ಕೀಲಿ ಅವಳ ಕಡೆ ಇರ್ಲಿ…

ಹೌದು, ಅದಕ್ಕೆ ನೀನು ಒಳಗೆ ಹೋಗ್ಲೇಬೇಕು… ಗೊತ್ತಪ್ಪಾ, ಕಷ್ಟ ಅಂತ ಗೊತ್ತು. ಎರಡು ಹೆಜ್ಜೆ ಅಷ್ಟೇ. ತೊಟ್ಟಿಲ ಕಡೆ ನೋಡ್ಬೇಡ… ನೋಡಿದ್ರೂ ಪರವಾಗಿಲ್ಲ. ಸಿಗಿಸಿ ಬಂದ್ಬಿಡು. ಬಾಗಿಲು ತೆಗೆದಿದ್ರೆ ಹೊಸಿಲ ಹತ್ರ ಸಿಗ್ನಲ್ ಸಿಗತ್ತೆ, ನಾನು ಲೈನಲ್ಲೇ ಇರ್ತೀನಿ…

ಹೂಂ, ಬಾಗಿಲು ತೆಗೀತಾ?… ಹೊಗೆ ವಾಸನೆ ಇನ್ನೂ ಇದೆಯಾ…

ಸಿಗಿಸಿದ್ಯಾ?… ಸರಿ, ಬಾ ಇನ್ನು…

ಏನು, ಏನಂದೆ? ಈ ಬಾಗಿಲ ಹಿಂದೇನಾ ನಿಂತಿದ್ಲು ಅಂತನಾ?… ಹೌದು, ಅಲ್ಲೇ. ಅಲ್ಲೇ ನಿಂತು ನಿನಗೆ ಫೋನ್ ಮಾಡಿದ್ದು… ಕಿಡಿ, ಒಳಗೆ ಹೋಗ್ತಾ ಇದ್ದೀಯಾ? ಮುಂದಕ್ಕೆ ಹೋಗ್ಬೇಡ, ಅಲ್ಲಿ ಸಿಗ್ನಲ್ ಸಿಗಲ್ಲ, ಹೊರಗೆ ಬಾ… ಅವಳು ನಾಲ್ಕಕ್ಕೆ ಬರ್ತಾಳೆ, ನೀನು ಅಲ್ಲಿರಬಾರದು, ಕೇಳಿಸ್ತಾ… ಕಿಡಿ?… ಹಲೋ?… ಹೊರಗೆ ಬಂದ್ಯಾ?… ಹಲೋ…